ಹಿಸ್ ಟ್ಯಾಗ್ ಇರುವ ಮಾನವ ಪಿಸಿಎನ್‌ಎ: ಪ್ರಯೋಗಾಲಯದ ಬಳಕೆಗೆ ಹೇಗಿದೆ?

ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಎನ್-ತುದಿಗೆ (ಪ್ರೋಟೀನ್ ಸರಪಳಿಯ ಆರಂಭಕ್ಕೆ) ಆರು ಹಿಸ್ಟಿಡಿನ್‌ಗಳ ಟ್ಯಾಗ್ ಸೇರಿಸಿ, ಗ್ಲಿಸರಾಲ್ ಬೆರೆತ ಬಫರ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಮಾರುವ ಮಾನವ ಪಿಸಿಎನ್‌ಎ ಕುರಿತ ವಿಮರ್ಶೆ ಇದು. ಪಿಸಿಎನ್‌ಎ ಎಂದರೆ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವವನ್ನು ಡಿಎನ್‌ಎ ಮೇಲೆ ಹಿಡಿದಿಡುವ ಪ್ರೋಟೀನ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬೈಂಡಿಂಗ್ ಮತ್ತು ಯುಬಿಕ್ವಿಟಿನ್ (ಇತರ ಪ್ರೋಟೀನ್‌ಗಳಿಗೆ ಗುರುತಾಗಿ ಅಂಟುವ ಪುಟ್ಟ ಪ್ರೋಟೀನ್) ಪ್ರಯೋಗಗಳಿಗೆ ಧೈರ್ಯವಾಗಿ ಕೊಳ್ಳಿ. ಡಿಎನ್‌ಎ ರೆಪ್ಲಿಕೇಶನ್ (ನಕಲು) ಪ್ರಯೋಗಕ್ಕಾದರೆ, ಲೇಬಲ್ ಮೇಲಿನ ಶೇಕಡಾ 95ರ ಶುದ್ಧತೆಯನ್ನಷ್ಟೇ ನಂಬಿ ಕೂರಬೇಡಿ.

ಹೆಚ್ಚಿನ ಎಡವಟ್ಟು ಆಗುವುದು ಸಾಂದ್ರತೆಯ ಲೆಕ್ಕದಲ್ಲಿ. ಪಿಸಿಎನ್‌ಎಯ ಒಂದು ಘಟಕದಲ್ಲಿ 261 ಅಮೈನೊ ಆಮ್ಲಗಳಿವೆ, ತೂಕ ಸುಮಾರು 29 ಕಿಲೋಡಾಲ್ಟನ್. ಆದರೆ ಕೆಲಸ ಮಾಡುವುದು ಮೂರು ಘಟಕಗಳು ಸೇರಿ ಡಿಎನ್‌ಎಯನ್ನು ಬಳೆಯಂತೆ ಸುತ್ತುವ ಉಂಗುರ. ಟ್ಯಾಗ್ ಬಿಟ್ಟು ಲೆಕ್ಕ ಹಾಕಿದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದರೆ ಬಿಡಿ ಘಟಕಗಳಲ್ಲಿ ಸುಮಾರು 35 ಮೈಕ್ರೋಮೋಲಾರ್, ಉಂಗುರಗಳಲ್ಲಿ 11.6 ಮಾತ್ರ. ನೀವು ಅನುಸರಿಸುವ ಪ್ರೋಟೋಕಾಲ್ ಯಾವ ಲೆಕ್ಕದಲ್ಲಿದೆ ಎಂದು ನೋಡದಿದ್ದರೆ ಮೂರು ಪಟ್ಟು ವ್ಯತ್ಯಾಸ ಬಂದುಬಿಡುತ್ತದೆ.

ಅಳೆಯುವುದೂ ಸುಲಭವಲ್ಲ. 280 ನ್ಯಾನೋಮೀಟರ್ ಬೆಳಕನ್ನು ಮುಖ್ಯವಾಗಿ ಹೀರುವ ಅಮೈನೊ ಆಮ್ಲಗಳಲ್ಲಿ ಒಂದು ಘಟಕದಲ್ಲಿ ಟ್ರಿಪ್ಟೊಫಾನ್ ಒಂದೇ, ಟೈರೋಸಿನ್ ಏಳು. ಹಾಗಾಗಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದರೂ 280 ನ್ಯಾನೋಮೀಟರ್‌ನಲ್ಲಿ ಸಿಗುವ ಹೀರಿಕೆ 0.55ರ ಆಸುಪಾಸು ಮಾತ್ರ. ನ್ಯಾನೋಡ್ರಾಪ್ ಅಳತೆಯಂತ್ರದ "1 ಹೀರಿಕೆ = 1 ಮಿಲಿಗ್ರಾಂ" ಆಯ್ಕೆಯಲ್ಲಿ ಅಳೆದವರಿಗೆ ಟ್ಯೂಬಿನಲ್ಲಿ ಅರ್ಧದಷ್ಟೇ ಪ್ರೋಟೀನ್ ಇದೆ ಎಂದು ಕಾಣುತ್ತದೆ. ಇದು ಮಾರಾಟಗಾರರ ಮೋಸವಲ್ಲ, ತಪ್ಪಿರುವುದು ಅಳತೆ. ಬಣ್ಣ ಬೆರೆಸಿ ಅಳೆಯುವ ಬ್ರಾಡ್‌ಫರ್ಡ್ ವಿಧಾನ ಕೂಡ ಇಲ್ಲಿ ಕಡಿಮೆ ತೋರಿಸಬಹುದು. ಆ ಬಣ್ಣ ಮುಖ್ಯವಾಗಿ ಆರ್ಜಿನಿನ್‌ಗೆ ಅಂಟುತ್ತದೆ, ಇದರಲ್ಲಿ ಆರ್ಜಿನಿನ್ ಇರುವುದೇ ಎಂಟು. ಬ್ಲಾಂಕ್‌ಗೆ (ಯಂತ್ರದ ಶೂನ್ಯ ಹೊಂದಿಸಲು) ನೀರಿನ ಬದಲು ಅದೇ ಶೇಖರಣಾ ಬಫರ್ ಬಳಸಿ, ಏಕೆಂದರೆ ಪ್ರೋಟೀನ್ ಆಕ್ಸಿಡೀಕರಣ ತಡೆಯಲು ಬಫರ್‌ಗೆ ಹಾಕುವ ಡಿಟಿಟಿ ಹಳೆಯದಾದಾಗ ಅದೂ 280ರಲ್ಲಿ ಬೆಳಕು ಹೀರುತ್ತದೆ. 260ರ ಹೀರಿಕೆ 280ಕ್ಕಿಂತ ಹೆಚ್ಚಿದ್ದರೆ ಬ್ಯಾಕ್ಟೀರಿಯಾದ ಡಿಎನ್‌ಎ ಅಥವಾ ಆರ್‌ಎನ್‌ಎ ಉಳಿದಿದೆ ಎಂದೇ ಅನುಮಾನಿಸಬೇಕು.

ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ ಪಟ್ಟಿ 29ರ ಬದಲು 36 ಕಿಲೋಡಾಲ್ಟನ್ ಹತ್ತಿರ ನಿಂತರೆ ಗಾಬರಿ ಬೇಡ. ತೀರಾ ಆಮ್ಲೀಯ ಪ್ರೋಟೀನ್ ಆದ್ದರಿಂದ ನಿಧಾನವಾಗಿ ಓಡುತ್ತದೆ.

ಟ್ಯಾಗ್ ಎನ್-ತುದಿಯಲ್ಲಿರುವುದು ಒಳ್ಳೆಯ ಆಯ್ಕೆ. ಉಂಗುರವನ್ನು ಡಿಎನ್‌ಎಗೆ ತೊಡಿಸುವ ಆರ್‌ಎಫ್‌ಸಿ, ಪಾಲಿಮರೇಸ್ ಡೆಲ್ಟಾ ಎರಡೂ ಬಂದು ಕೂರುವ ಮುಖದಲ್ಲೇ ಸಿ-ತುದಿಗಳಿವೆ (ಸರಪಳಿಯ ಕೊನೆಗಳು). ಅಲ್ಲಿ ಟ್ಯಾಗ್ ಹಾಕಿದ ಉತ್ಪನ್ನವನ್ನು ರೆಪ್ಲಿಕೇಶನ್ ಪ್ರಯೋಗಕ್ಕೆ ನಾವು ಆರಿಸುವುದಿಲ್ಲ. ಪುಲ್-ಡೌನ್‌ನಲ್ಲಿ (ಒಂದು ಪ್ರೋಟೀನನ್ನು ಮಣಿಗಳಿಂದ ಹಿಡಿದು ಅದಕ್ಕೆ ಅಂಟಿದ್ದನ್ನು ನೋಡುವ ಪ್ರಯೋಗ) ಜೊತೆಗಾರ ಪ್ರೋಟೀನಿಗೂ ಹಿಸ್ ಟ್ಯಾಗ್ ಇದ್ದರೆ ನಿಕ್ಕಲ್ ಮಣಿಗಳು ಎರಡನ್ನೂ ಹಿಡಿಯುತ್ತವೆ, ಫಲಿತಾಂಶಕ್ಕೆ ಅರ್ಥವಿರುವುದಿಲ್ಲ.

ಇನ್ನು ನ್ಯೂಕ್ಲಿಯೇಸ್, ಅಂದರೆ ಡಿಎನ್‌ಎ ಕತ್ತರಿಸುವ ಕಿಣ್ವ. ಕೂಮಾಸಿ ಬಣ್ಣಕ್ಕೆ ಕಾಣದಷ್ಟು ಸಣ್ಣ ಪ್ರಮಾಣವೂ ನಕಲು ಶುರುವಾಗುವ ಪುಟ್ಟ ತುಣುಕಾದ ಪ್ರೈಮರ್ ತಿಂದುಹಾಕುತ್ತದೆ. 5′ ತುದಿಗೆ ಗುರುತು ಹಚ್ಚಿದ ಆಲಿಗೋವನ್ನು (ಪುಟ್ಟ ಡಿಎನ್‌ಎ ತುಣುಕು) ಮೆಗ್ನೀಸಿಯಂ ಇರುವ ಬಫರ್‌ನಲ್ಲಿ, ನಿಜ ಪ್ರಯೋಗಕ್ಕಿಂತ ಹೆಚ್ಚು ಪಿಸಿಎನ್‌ಎ ಜೊತೆ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಯೂರಿಯಾ ಜೆಲ್‌ನಲ್ಲಿ ಓಡಿಸಿ. ಆಲಿಗೋ ಮೊಟಕಾಗಿದ್ದರೆ ನ್ಯೂಕ್ಲಿಯೇಸ್ ಇದೆ ಎಂದರ್ಥ. ಪಕ್ಕದಲ್ಲೇ ಸೂಪರ್‌ಕಾಯಿಲ್ ಪ್ಲಾಸ್ಮಿಡ್ (ಸುರುಳಿ ಸುತ್ತಿದ ವರ್ತುಲ ಡಿಎನ್‌ಎ) ಇಟ್ಟರೆ ಎಳೆಯ ನಡುವೆ ಕತ್ತರಿಸುವ ಎಂಡೋನ್ಯೂಕ್ಲಿಯೇಸ್ ಕೂಡ ಬಯಲಾಗುತ್ತದೆ. ಪ್ರತಿ ಹೊಸ ಲಾಟ್‌ಗೂ ಇದನ್ನು ಮಾಡಿ.

ಚಟುವಟಿಕೆ ನೋಡಲು ಪ್ರೈಮರ್ ಕೂಡಿಸಿದ ಎಂ13ಎಂಪಿ18 ಎಂಬ ಏಕ-ಎಳೆ ಡಿಎನ್‌ಎ ವರ್ತುಲವೇ ಸರಿ. ತುಂಡು ಡಿಎನ್‌ಎಯ ತೆರೆದ ತುದಿಯಿಂದ ಉಂಗುರ ಜಾರಿಹೋಗುತ್ತದೆ. ಏಕ-ಎಳೆ ಡಿಎನ್‌ಎಯನ್ನು ಹೊದಿಸುವ ಪ್ರೋಟೀನ್ ಆರ್‌ಪಿಎ ಸುಮಾರು 30 ನ್ಯೂಕ್ಲಿಯೋಟೈಡ್‌ಗೆ ಒಂದರಂತೆ ಕೂರುವುದರಿಂದ 7249 ಉದ್ದದ ಒಂದು ವರ್ತುಲಕ್ಕೆ 240ರಷ್ಟು ಬೇಕು. ಡಿಎನ್‌ಎ 1 ನ್ಯಾನೋಮೋಲಾರ್ ಇದ್ದರೆ ಆರ್‌ಪಿಎ ಕನಿಷ್ಠ 240 ನ್ಯಾನೋಮೋಲಾರ್ ಎಂದಾಯಿತು, ಸ್ವಲ್ಪ ಹೆಚ್ಚೇ ಹಾಕಿ. ಇದು ಸಾಲದಾದರೆ ಪಾಲಿಮರೇಸ್ ಅಲ್ಲಲ್ಲಿ ನಿಲ್ಲುತ್ತದೆ, ದೂರು ಪಿಸಿಎನ್‌ಎ ಮೇಲೆ ಬರುತ್ತದೆ. ಬಫರ್ ಪಿಎಚ್ 7.5, ಮೆಗ್ನೀಸಿಯಂ 8ರಿಂದ 10 ಮಿಲಿಮೋಲಾರ್, ಎಟಿಪಿ 1 ಮಿಲಿಮೋಲಾರ್ ಇರಲಿ. ಪಿಸಿಎನ್‌ಎಯನ್ನು 50ರಿಂದ 100 ನ್ಯಾನೋಮೋಲಾರ್ ಉಂಗುರದಿಂದ ಶುರುಮಾಡಿ, ಆರ್‌ಎಫ್‌ಸಿ ಜೊತೆ ಒಂದೆರಡು ನಿಮಿಷ ಲೋಡ್ ಆಗಲು ಬಿಟ್ಟು ಪಾಲಿಮರೇಸ್ ಸೇರಿಸಿ. ಎಲ್ಲ ಪ್ರೋಟೀನ್‌ಗಳ ಜೊತೆ ಬರುವ ಉಪ್ಪನ್ನು ಕೂಡಿ ನೋಡಿ, ಒಟ್ಟು 100 ಮಿಲಿಮೋಲಾರ್ ದಾಟಬಾರದು.

ಪಿಸಿಎನ್‌ಎ ಇಲ್ಲದ ಮತ್ತು ಆರ್‌ಎಫ್‌ಸಿ ಇಲ್ಲದ ಕಂಟ್ರೋಲ್‌ಗಳು ಕಡ್ಡಾಯ. ಎಟಿಪಿ ಇಲ್ಲದ ಕಂಟ್ರೋಲ್‌ನಲ್ಲಿ ಮಾತ್ರ ಎಚ್ಚರ: ಆರ್‌ಎಫ್‌ಸಿ ಡಿಎನ್‌ಎ ಕಟ್ಟುವ ಘಟಕಗಳಲ್ಲೊಂದಾದ ಡಿಎಟಿಪಿಯನ್ನೂ ಬಳಸಬಲ್ಲದು, ಅದು ಹೇಗೂ ಮಿಶ್ರಣದಲ್ಲಿ ಇದ್ದೇ ಇರುತ್ತದೆ. ಪಿ21 ಪ್ರೋಟೀನಿನ ಪಿಸಿಎನ್‌ಎ-ಬಂಧಕ ಪೆಪ್ಟೈಡ್ ಹಾಕಿದಾಗ ಉದ್ದನೆಯ ಉತ್ಪನ್ನ ಕುಗ್ಗಿದರೆ, ಸಿಗ್ನಲ್ ಪಿಸಿಎನ್‌ಎಯದೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಯುಬಿಕ್ವಿಟಿನ್ ಕೆಲಸಕ್ಕಂತೂ ಈ ಉತ್ಪನ್ನ ಹೇಳಿಮಾಡಿಸಿದಂತಿದೆ. ಇ. ಕೊಲೈನಲ್ಲಿ ಯುಬಿಕ್ವಿಟಿನ್ ಇಲ್ಲ, ಹಾಗಾಗಿ ಯುಬಿಕ್ವಿಟಿನ್ ಅಂಟುವ ಜಾಗವಾದ 164ನೇ ಲೈಸಿನ್ ಖಾಲಿಯಾಗಿಯೇ ಬರುತ್ತದೆ.

ಬಂದ ದಿನವೇ 5 ಮೈಕ್ರೋಲೀಟರಿನ ಪಾಲುಗಳಾಗಿ ಹಂಚಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80ರಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ತೆಳುಗೊಳಿಸುವಾಗ ಮಿಲಿಲೀಟರಿಗೆ 0.1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಮತ್ತು 1 ಮಿಲಿಮೋಲಾರ್ ಡಿಟಿಟಿ ಇರುವ ಬಫರ್, ಪ್ರೋಟೀನ್ ಅಂಟದ ಟ್ಯೂಬ್ ಬಳಸಿ. ಕೆಲವೇ ನ್ಯಾನೋಮೋಲಾರ್‌ಗೆ ಇಳಿಸಿದ ದ್ರಾವಣವನ್ನು ಐಸ್ ಮೇಲೆ ಕೂಡ ಹೆಚ್ಚು ಹೊತ್ತು ಬಿಡಬಾರದು. ಅಷ್ಟು ತೆಳುವಾದಾಗ ಉಂಗುರ ಬಿಡಿ ಘಟಕಗಳಾಗಿ ಒಡೆಯತೊಡಗುತ್ತದೆ.