ಸಖಿ ನಿವಾಸ: ಮಗುವನ್ನು ಕಟ್ಟಿಕೊಂಡು ಊರು ಬಿಡುವ ತಾಯಿಗೆ ಎಷ್ಟು ಒದಗುತ್ತದೆ?

ಹುಬ್ಬಳ್ಳಿಯಲ್ಲಿ 24,000 ರೂಪಾಯಿ ಸಂಬಳ, ಬೆಂಗಳೂರಿನಲ್ಲಿ 36,000 ಅಂದುಕೊಳ್ಳಿ. ಆಫರ್ ಲೆಟರ್ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ನಡುವಿನ 12,000. ಒಬ್ಬಳೇ ಮಗು ಸಾಕುತ್ತಿರುವ ತಾಯಿ ಅದಕ್ಕಿಂತ ಮೊದಲು ಗಡಿಯಾರ ನೋಡಬೇಕು. ಶಾಲೆ ಬಿಡುವುದು ಮೂರೂವರೆಗೆ, ಅವಳು ಬಸ್ಸಿಳಿದು ಬರುವುದು ಏಳಕ್ಕೆ. ಆ ಮೂರೂವರೆ ಗಂಟೆ ಮಗು ಯಾರ ಹತ್ತಿರ? ಊರಲ್ಲಿದ್ದಾಗ ಅಜ್ಜಿಯೋ ಪಕ್ಕದ ಮನೆಯವರೋ ದುಡ್ಡಿನ ಮಾತೇ ಇಲ್ಲದೆ ನೋಡಿಕೊಳ್ಳುತ್ತಿರುತ್ತಾರೆ, ಹಾಗಾಗಿ ಅದಕ್ಕೂ ಬೆಲೆಯಿದೆ ಅನ್ನುವುದು ಹೊಳೆಯುವುದೇ ಇಲ್ಲ. ಉದ್ಯೋಗಸ್ಥ ಮಹಿಳೆಯರಿಗೆಂದು ಸರ್ಕಾರಿ ಯೋಜನೆಯಡಿ ನಡೆಯುವ ವಸತಿ ನಿಲಯವಾದ ಸಖಿ ನಿವಾಸವನ್ನು ನಾವು ಇಲ್ಲಿ ಅಳೆಯುವುದು, ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು, ಈ ಮೂರೂವರೆ ಗಂಟೆಯಿಂದಲೇ. ಬಾಡಿಗೆ ಅಗ್ಗ ಅನ್ನುವುದು ಆಮೇಲಿನ ಮಾತು.

ಹೆಸರು ಹೊಸದು, ವ್ಯವಸ್ಥೆ ಹಳೆಯದು. ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯ ಎಂದು 1972–73ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ 2022ರಲ್ಲಿ ಮಿಷನ್ ಶಕ್ತಿ ಎಂಬ ಮಹಿಳಾ ಯೋಜನೆಗಳ ಗುಚ್ಛದೊಳಗೆ ಸೇರಿ ಸಖಿ ನಿವಾಸವಾಯಿತು. ಬೋರ್ಡಿನಲ್ಲಿ ಇನ್ನೂ ಹಳೆಯ ಹೆಸರೇ ಇರಬಹುದು, ಎರಡೂ ಹೆಸರು ಹೇಳಿ ವಿಚಾರಿಸಿ. ಇನ್ನೊಂದು ಗೊಂದಲವೂ ಇದೆ. ‘ವರ್ಕಿಂಗ್ ವಿಮೆನ್ಸ್ ಹಾಸ್ಟೆಲ್’ ಅಂತ ಬೋರ್ಡು ಹಾಕಿಕೊಂಡ ಖಾಸಗಿ ಪಿ.ಜಿ.ಗಳು ಗಲ್ಲಿಗೊಂದಿವೆ. ಅವಕ್ಕೂ ಈ ಯೋಜನೆಗೂ ಸಂಬಂಧವಿಲ್ಲ, ಕೆಳಗೆ ಹೇಳುವ ಬಾಡಿಗೆ ಮಿತಿಯಾಗಲಿ ಮಗುವಿನ ವಯಸ್ಸಿನ ನಿಯಮವಾಗಲಿ ಅವಕ್ಕೆ ತಾಗುವುದಿಲ್ಲ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ಯೋಜನೆಯಡಿ ನಡೆಯುವ ನಿಲಯಗಳ ಪಟ್ಟಿ ಕೇಳಿ ಪಡೆಯುವುದೇ ಸರಿ.

ಯಾರಿಗೆ ಸಿಗುತ್ತದೆ? ಅವಿವಾಹಿತೆ, ವಿಧವೆ, ವಿಚ್ಛೇದಿತೆ, ಗಂಡನಿಂದ ಬೇರೆಯಾಗಿರುವವಳು, ಎಲ್ಲರಿಗೂ. ಮದುವೆಯಾಗಿದ್ದರೂ ಗಂಡ ಅಥವಾ ಹತ್ತಿರದ ಕುಟುಂಬದವರು ಅದೇ ಊರಿನಲ್ಲಿ ಇಲ್ಲದಿದ್ದರೆ ಆಗುತ್ತದೆ. ಒಟ್ಟು ಸಂಬಳ ಬೆಂಗಳೂರಿನಂಥ ಮಹಾನಗರದಲ್ಲಿ ತಿಂಗಳಿಗೆ 50,000 ರೂಪಾಯಿ ಮೀರಿರಬಾರದು, ಉಳಿದ ಊರುಗಳಲ್ಲಿ 35,000. ಇದು ಕೈಗೆ ಬರುವ ಸಂಬಳವಲ್ಲ, ಪಿ.ಎಫ್. ಕಡಿತಕ್ಕೆ ಮುಂಚಿನದು. 47,000 ಕೈಗೆ ಬರುವವಳು ಅರ್ಜಿ ಹಾಕಿ, ಸ್ಯಾಲರಿ ಸ್ಲಿಪ್ ತೋರಿಸಿದ ಮೇಲೆ ಅನರ್ಹಳಾಗುವುದು ಹೀಗೇ. ಕೆಲಸಕ್ಕಾಗಿ ತರಬೇತಿಯಲ್ಲಿರುವವರಿಗೂ ಜಾಗ ಉಂಟು, ಆದರೆ ಒಂದು ವರ್ಷದ ಮಟ್ಟಿಗೆ, ಅದೂ ಉದ್ಯೋಗದಲ್ಲಿರುವವರಿಗೆ ಕೊಟ್ಟು ಮಿಕ್ಕರೆ.

ಈಗ ದುಡ್ಡು. ಇಲ್ಲಿ ಬಾಡಿಗೆ ಚದರಡಿಯ ಮೇಲಲ್ಲ, ಸಂಬಳದ ಮೇಲೆ. ಒಬ್ಬರ ಕೋಣೆಗೆ ಒಟ್ಟು ಸಂಬಳದ ಶೇ. 15, ಇಬ್ಬರ ಕೋಣೆಗೆ ಶೇ. 10, ಡಾರ್ಮಿಟರಿಗೆ ಶೇ. 7.5 ಮೀರುವಂತಿಲ್ಲ. 36,000 ಸಂಬಳಕ್ಕೆ ಇದು ಕ್ರಮವಾಗಿ 5,400, 3,600, 2,700 ರೂಪಾಯಿ. ನಿಲಯದ ಡೇ ಕೇರ್‌ಗೆ ಸಂಬಳದ ಶೇ. 5 ಅಥವಾ ನಿಜವಾಗಿ ಆಗುವ ಖರ್ಚು, ಯಾವುದು ಕಡಿಮೆಯೋ ಅದು. ಅಂದರೆ ಹೆಚ್ಚೆಂದರೆ 1,800. ಮೆಸ್ಸು, ವಾಷಿಂಗ್ ಮೆಷಿನ್ ಇದರಲ್ಲಿ ಸೇರಿಲ್ಲ. ಅವಕ್ಕೆ ಬೇರೆ ಕಟ್ಟಬೇಕು, ಮಗುವಿನ ಊಟಕ್ಕೆ ಅರ್ಧವೋ ಪೂರ್ತಿಯೋ ಎಂದು ಮೊದಲೇ ಕೇಳಿಕೊಳ್ಳಬೇಕು. ನಾಲ್ಕು ವರ್ಷದ ಮಗುವಿನ ಒಂದು ಚಪಾತಿಗೆ ಪೂರ್ತಿ ಊಟದ ಬಿಲ್ಲು ಬಂದರೆ ಶೇ. 10ರ ಬಾಡಿಗೆಯ ಲಾಭ ಅಲ್ಲೇ ಸೋರಿಹೋಗುತ್ತದೆ.

ಬಾಡಿಗೆ ಮನೆಯನ್ನು ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೆ 14,000ದ ಚಿಕ್ಕ ಮನೆ, ಆರು ತಿಂಗಳ ಅಡ್ವಾನ್ಸ್ ಅಂದರೆ 84,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿ 1,12,000. ಗ್ಯಾಸು, ಹಾಸಿಗೆ, ಬಕೆಟ್ಟಿನ ಖರ್ಚು ಇನ್ನೂ ಬಂದಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. 36,000 ಸಂಬಳದವಳಿಗೆ ಇಷ್ಟು ಮೊತ್ತ ಹೊಂದಿಸುವುದೆಂದರೆ ಬಂಗಾರ ಅಡವಿಡುವುದು ಎಂದೇ ಅರ್ಥ. ಸಖಿ ನಿವಾಸದ ದೊಡ್ಡ ಅನುಕೂಲ ಇಲ್ಲಿದೆ: ಕೆಲಸ ಹಿಡಿಯುತ್ತದೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ ಲಕ್ಷ ರೂಪಾಯಿ ಸುರಿಯಬೇಕಾಗಿಲ್ಲ.

ಮಗುವಿನ ವಯಸ್ಸಿನ ನಿಯಮ ಹೀಗಿದೆ. ಹೆಣ್ಣು ಮಗುವಾದರೆ 18 ವರ್ಷದವರೆಗೆ, ಗಂಡು ಮಗುವಾದರೆ 12ರವರೆಗೆ ತಾಯಿಯ ಜೊತೆ ಇರಬಹುದು. ತಾಯಿಗೂ ಅವಧಿಯುಂಟು: ಮೂರು ವರ್ಷ. ವಿಶೇಷ ಕಾರಣವಿದ್ದರೆ ಜಿಲ್ಲಾಡಳಿತ ಒಂದೊಂದೇ ವರ್ಷ ಹೆಚ್ಚಿಸಬಹುದು, ಒಟ್ಟು ಐದು ವರ್ಷ ದಾಟುವಂತಿಲ್ಲ. ಮಗನಿಗೆ ಈಗ ಹತ್ತಾಗಿದ್ದರೆ ನಿಮ್ಮ ಕೈಯಲ್ಲಿರುವುದು ಎರಡೇ ವರ್ಷ, ಅದೂ ಆರನೆಯ ತರಗತಿಯ ನಡುವೆಲ್ಲೋ ಮುಗಿಯುತ್ತದೆ. ಹತ್ತು ದಾಟಿದ ಗಂಡು ಮಗನನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ. ಕಷ್ಟವಾದರೂ ಶಾಲೆಯ ಹತ್ತಿರ ಮನೆಯನ್ನೇ ನೋಡುವುದು ವಾಸಿ. ಮೂರು ವರ್ಷದ ಮಗಳಿದ್ದವಳಿಗೆ ಇದೇ ನಿಯಮ ಹೇಳಿ ಮಾಡಿಸಿದಂತಿದೆ.

ಕಾಗದದಲ್ಲಿ ಹೀಗಿದ್ದರೂ ಕಿಟಕಿಯಲ್ಲಿ ಕೂತವರ ಉತ್ತರ ಬೇರೆಯಾಗಬಹುದು. ‘ಇಲ್ಲಿ ಮಕ್ಕಳನ್ನು ತೊಗೊಳಲ್ಲಮ್ಮ’ ಅನ್ನುವ ಮಾತು ಕೇಳಿಬಂದರೆ ಅಲ್ಲಿಗೇ ತಿರುಗಿ ಬರಬೇಡಿ. ಮಗುವಿನ ಜನನ ಪ್ರಮಾಣಪತ್ರದ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಜಾಗವಿಲ್ಲದಿದ್ದರೆ ಹಾಗೆಂದು ಬರೆದುಕೊಡಿ ಎನ್ನಿ. ಬರವಣಿಗೆಗೆ ಬಂದಾಗ ‘ತೊಗೊಳಲ್ಲ’ ಎನ್ನುವುದು ‘ಸದ್ಯಕ್ಕೆ ಖಾಲಿ ಇಲ್ಲ’ ಎಂದಾಗುತ್ತದೆ, ಆಗ ಕಾಯುವವರ ಪಟ್ಟಿಯಲ್ಲಿ ಹೆಸರು ಸೇರಿಸಲು ದಾರಿ ಸಿಗುತ್ತದೆ. ಅರ್ಜಿಯಲ್ಲಿ ಎಡವುವ ಇನ್ನೊಂದು ಜಾಗ ‘ಸ್ಥಳೀಯ ಪೋಷಕರು’ ಎನ್ನುವ ಕಲಂ. ಹೊಸ ಊರಿನಲ್ಲಿ ಯಾರಿರುತ್ತಾರೆ? ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿಯನ್ನು ಒಪ್ಪಿಸಿ, ಅವರ ಗುರುತಿನ ಚೀಟಿಯ ಪ್ರತಿ ಮೊದಲೇ ಇಟ್ಟುಕೊಂಡು ಹೋಗಿ. ಹೆಸರಿಗಷ್ಟೇ ಅಂತ ಯಾರದನ್ನಾದರೂ ಬರೆಯಬೇಡಿ, ರಾತ್ರಿ ಮಗುವಿಗೆ ಜ್ವರ ಬಂದರೆ ವಾರ್ಡನ್ ಫೋನ್ ಮಾಡುವುದು ಅದೇ ನಂಬರಿಗೆ.

ನೋಡಲು ಹೋಗುವುದಾದರೆ ಹಗಲು ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ನಿಲಯಗಳೂ ಚೊಕ್ಕಟವಾಗೇ ಇರುತ್ತವೆ. ವಾರದ ದಿನ ಸಂಜೆ ಆರೂವರೆಯಿಂದ ಎಂಟರೊಳಗೆ ಹೋಗಿ. ಕೋಣೆಯಲ್ಲಿ ಮೊದಲು ಮಂಚ ನೋಡಿ. ಹಾಸ್ಟೆಲ್ ಮಂಚ ಸಾಮಾನ್ಯವಾಗಿ ಮೂರಡಿ ಅಗಲ, ಆರಡಿ ಉದ್ದ. ನಾಲ್ಕರ ಮಗು ಗೋಡೆ ಕಡೆ ಮಲಗಿದರೆ ತಾಯಿಗೆ ಒಂದೂವರೆ ಅಡಿ ಸಿಗುತ್ತದೆ. ಏಳರ ಮಗುವಾದರೆ ತಾಯಿ ನೆಲಕ್ಕಿಳಿಯಲೇಬೇಕು. ಎರಡು ಮಂಚದ ನಡುವೆ ಮಡಚುವ ಹಾಸಿಗೆ ಹಾಸುವಷ್ಟು ಜಾಗವಿದೆಯೇ, ಹಾಸಿದರೆ ಬಾಗಿಲು ತೆರೆಯುತ್ತದೆಯೇ ಎಂದು ಹೆಜ್ಜೆಯಿಟ್ಟು ಅಳೆಯಿರಿ. ಕೋಣೆಯಲ್ಲಿ ಕೆಟಲ್, ಇಂಡಕ್ಷನ್ ಒಲೆ ಇಡಲು ಬಹುತೇಕ ಕಡೆ ಬಿಡುವುದಿಲ್ಲ. ಮೆಸ್ಸಿನ ಬಾಗಿಲು ಹಾಕಿದ ಮೇಲೆ ಹಾಲು ಬಿಸಿ ಮಾಡುವುದೆಲ್ಲಿ? ಈ ಪ್ರಶ್ನೆಗೆ ವಾರ್ಡನ್ ಬಳಿ ಸಿದ್ಧ ಉತ್ತರವಿದ್ದರೆ ಅಲ್ಲಿ ಮಕ್ಕಳಿದ್ದಾರೆ ಎಂದೇ ಲೆಕ್ಕ. ತಡಕಾಡಿದರೆ ನಿಮ್ಮದೇ ಮೊದಲ ಮಗು. ಇಬ್ಬರ ಕೋಣೆಯಾದರೆ ಜೊತೆಗಿರುವವಳ ಶಿಫ್ಟ್ ಯಾವುದು ಎಂದು ಕೇಳಿ. ರಾತ್ರಿ ಪಾಳಿಯವಳು ಹಗಲಿಡೀ ಮಲಗಬೇಕು, ಭಾನುವಾರ ಮಗು ಆಡಬೇಕು. ಜಗಳ ಹುಟ್ಟುವುದು ಇಲ್ಲೇ ಹೊರತು ಬಾಡಿಗೆಯಲ್ಲಲ್ಲ.

ಇನ್ನು ಡೇ ಕೇರ್. ನಮ್ಮ ಅಂಕವೆಲ್ಲ ನಿಂತಿರುವುದು ಇದರ ಮೇಲೆ. ಯೋಜನೆಯಲ್ಲಿ ನಿಲಯದ ಜೊತೆಗೇ ಡೇ ಕೇರ್ ಸೆಂಟರ್ ಇರಬೇಕೆಂದಿದೆ. ಕೋಣೆ ಇದ್ದು ಆಯಾ ಇಲ್ಲದ, ಆಯಾ ಇದ್ದು ಐದಕ್ಕೇ ಮನೆಗೆ ಹೋಗುವ ಕಡೆಗಳಲ್ಲಿ ಅದು ಇದ್ದೂ ಇಲ್ಲದ ಹಾಗೆ. ಗೋಡೆಯ ಮೇಲಿನ ಆನೆ, ಗಿಳಿಯ ಚಿತ್ರ ನೋಡಿ ಮರುಳಾಗಬೇಡಿ, ಹಾಜರಿ ಪುಸ್ತಕ ಕೇಳಿ. ಮಗು ಬಂದ ಸಮಯ, ಹೋದ ಸಮಯ, ಕರೆದುಕೊಂಡು ಹೋದವರ ಸಹಿ, ಮೂರೂ ಕಲಂ ಇರಬೇಕು. ‘ಹೋದ ಸಮಯ’ದಲ್ಲಿ 6.40, 7.05, 6.55 ಎಂದು ದಿನಕ್ಕೊಂದು ಥರ ಇದ್ದರೆ ಅದು ನಿಜವಾಗಿ ನಡೆಯುತ್ತಿದೆ. ತಿಂಗಳಿಡೀ ಒಂದೇ ಕೈಬರಹದಲ್ಲಿ 5.00, 5.00, 5.00 ಎಂದು ಇಳಿದಿದ್ದರೆ ಒಂದೋ ಐದಕ್ಕೇ ಬೀಗ ಬೀಳುತ್ತದೆ, ಇಲ್ಲವೇ ತಪಾಸಣೆಗೆಂದು ಒಂದೇ ದಿನ ಕೂತು ತುಂಬಿದ್ದಾರೆ. ಶಾಲೆಯಿಂದ ಮಗುವನ್ನು ಡೇ ಕೇರ್‌ವರೆಗೆ ತರುವವರು ಯಾರು ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಆಯಾ ಗೇಟು ದಾಟುವುದಿಲ್ಲವೆಂದರೆ ಶಾಲಾ ವ್ಯಾನ್ ಗೇಟಿನೊಳಗೇ ಇಳಿಸಬೇಕು, ಅದನ್ನು ವ್ಯಾನಿನವನ ಬಳಿ ಒಪ್ಪಿಸಿಕೊಳ್ಳಬೇಕು.

ಆಫೀಸಿನಲ್ಲೇ ಶಿಶುಪಾಲನಾ ಕೇಂದ್ರ ಇರುತ್ತದಲ್ಲ ಅನ್ನಬಹುದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಅದನ್ನು ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಲು ಬಿಡಬೇಕು ಎಂಬ ನಿಯಮ 2017ರಲ್ಲೇ ಬಂದಿದೆ. ಆದರೆ ಅದು ಪುಟ್ಟ ಮಕ್ಕಳಿಗೆ. ಆರು ದಾಟಿ ಶಾಲೆಗೆ ಹೋಗುವ ಮಗುವಿನ ಮೂರೂವರೆಯಿಂದ ಏಳರ ಹೊತ್ತಿಗೆ ಅದರಿಂದ ಉಪಯೋಗವಿಲ್ಲ. ಎರಡು ವರ್ಷದ ಮಗುವಾದರೆ ಮಾತ್ರ, ಆಫರ್ ಒಪ್ಪುವ ಮೊದಲೇ ಎಚ್.ಆರ್. ಬಳಿ ಕೇಂದ್ರ ಎಲ್ಲಿದೆ, ಎಷ್ಟು ಹೊತ್ತಿನವರೆಗೆ ಎಂದು ಮೇಲ್‌ನಲ್ಲಿ ಕೇಳಿ ಉತ್ತರ ತೆಗೆದಿಟ್ಟುಕೊಳ್ಳಿ.

ಡೇ ಕೇರ್ ಎಷ್ಟೇ ಚೆನ್ನಾಗಿದ್ದರೂ ತುಂಬದ ಎರಡು ತೂತುಗಳಿವೆ. ಒಂದು, ಜ್ವರ. ಜ್ವರವಿರುವ ಮಗುವನ್ನು ಯಾವ ಡೇ ಕೇರ್ ಕೂಡ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು. ಹೊಸ ಮಕ್ಕಳ ಗುಂಪಿಗೆ ಸೇರಿದ ಮೊದಲ ವರ್ಷ ನೆಗಡಿ, ಜ್ವರ ಮೇಲಿಂದ ಮೇಲೆ ಬರುವುದು ಸಹಜ. ಪ್ರೊಬೇಷನ್‌ನಲ್ಲಿ ರಜೆಯೇ ಇಲ್ಲ ಅನ್ನುವ ಕೆಲಸಕ್ಕೆ ಹೋಗುವವಳು ಮೊದಲ ಮೂರು ತಿಂಗಳು ಊರಿನಿಂದ ಯಾರನ್ನಾದರೂ ಕರೆಸಿಕೊಳ್ಳುವ ಏರ್ಪಾಡು ಮಾಡಿಕೊಂಡೇ ಹೊರಡಬೇಕು, ಮತ್ತು ಅತಿಥಿಗಳನ್ನು ನಿಲಯದಲ್ಲಿ ರಾತ್ರಿ ಉಳಿಸುತ್ತಾರೆಯೇ ಎಂದು ಕೇಳಬೇಕು. ಎರಡು, ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸುಮಾರು ಏಳು ವಾರ, ಅಕ್ಟೋಬರಿನಲ್ಲಿ ದಸರಾ ರಜೆ ಬೇರೆ. ಆಗ ಬೇಕಾಗುವುದು ಮೂರೂವರೆ ಗಂಟೆಯಲ್ಲ, ಹತ್ತು ಗಂಟೆಯ ಆರೈಕೆ. ರಜೆಯಲ್ಲಿ ಡೇ ಕೇರ್ ಬೆಳಗ್ಗೆಯಿಂದ ತೆರೆದಿರುತ್ತದೆಯೇ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಮಾರ್ಚ್‌ನಲ್ಲಿ ಕೇಳುತ್ತಾರೆ. ಸೇರುವ ದಿನವೇ ಕೇಳಿ.

ಕೆಲಸಕ್ಕೆ ಹಾಜರಾಗುವ ತಾರೀಖು ಅಕ್ಟೋಬರಿನಲ್ಲಿ ಬಿದ್ದರೆ, ಮಗುವನ್ನು ನೋಡಿಕೊಳ್ಳುವವರು ಊರಲ್ಲಿದ್ದರೆ, ತಾಯಿ ಒಬ್ಬಳೇ ಮೊದಲು ಹೋಗಿ ಮೇ ಕೊನೆಗೆ ಮಗುವನ್ನು ಕರೆಸಿಕೊಳ್ಳುವುದು ಒಳ್ಳೆಯ ದಾರಿ. ಆದರೆ ಅಕ್ಟೋಬರಿನ ಅರ್ಜಿಯಲ್ಲೇ ಮಗುವಿನ ಹೆಸರು ಬರೆಯಬೇಕು. ಒಬ್ಬಳೆಂದು ಸೇರಿ ಆಮೇಲೆ ಮಗುವನ್ನು ತಂದರೆ ‘ಈ ಕೋಣೆ ಅದಕ್ಕಲ್ಲ’ ಎನ್ನಲು ಕಾರಣ ಸಿಕ್ಕಿಬಿಡುತ್ತದೆ. ವರ್ಷದ ನಡುವೆಯೇ ಶಾಲೆ ಬದಲಿಸುವುದಾದರೆ ಹೊಸ ಶಾಲೆ ಸೀಟು ಖಚಿತಪಡಿಸಿದ ಮೇಲೆಯೇ ಟಿ.ಸಿ. ತೆಗೆಯಿರಿ, ಮಗುವಿನ ಸ್ಯಾಟ್ಸ್ ನಂಬರ್ (ರಾಜ್ಯದ ಶಾಲಾ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಎಂಟನೆಯ ತರಗತಿಯವರೆಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದಿದೆ. ವಿಚ್ಛೇದನದ ಆದೇಶದಲ್ಲಿ ತಂದೆಗೆ ವಾರಾಂತ್ಯದ ಭೇಟಿ ಎಂದಿದ್ದರೆ, ನಾನೂರು ಕಿಲೋಮೀಟರ್ ದೂರ ಹೋಗುವ ಮೊದಲೇ ಆ ಕೌಟುಂಬಿಕ ನ್ಯಾಯಾಲಯದಲ್ಲಿ ಭೇಟಿಯ ಏರ್ಪಾಡು ಬದಲಿಸಲು ಅರ್ಜಿ ಹಾಕಬೇಕು. ಹೋದಮೇಲೆ ಹಾಕಿದರೆ ಆದೇಶ ಮುರಿದವಳು ಎಂಬ ಮಾತಿಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ.

ಒಬ್ಬನೇ ಮಗು ಸಾಕುವ ತಂದೆಗೆ ಈ ಯೋಜನೆಯಲ್ಲಿ ಏನೂ ಇಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ತನ್ನ ಒಂಟಿ ತಂದೆ ನೌಕರರಿಗೂ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು, ವಸತಿಯ ವಿಷಯದಲ್ಲಿ ಅಂಥದ್ದು ಆಗಿಲ್ಲ.

ಒಟ್ಟಿನಲ್ಲಿ, ಏಳರವರೆಗೆ ಡೇ ಕೇರ್ ನಡೆಯುವ ನಿಲಯವಾದರೆ ಐದಕ್ಕೆ ನಾಲ್ಕೂವರೆ ಅಂಕ, ಕಣ್ಣು ಮುಚ್ಚಿ ಆಫರ್ ಒಪ್ಪಬಹುದು. ಸಂಜೆ ಐದು ಗಂಟೆಗೇ ಬೀಗ ಬೀಳುವ ಕಡೆ ಎರಡೇ ಅಂಕ. ಅಲ್ಲಿಗೆ ಹೋಗಿ ಹೊರಗೆ ಖಾಸಗಿ ಡೇ ಕೇರ್ ಹುಡುಕುವುದಾದರೆ 12,000ದ ಹೆಚ್ಚುವರಿ ಸಂಬಳ ಅದಕ್ಕೂ ಮೆಸ್ಸಿಗೂ ಕರಗುತ್ತದೆ, ಹುಬ್ಬಳ್ಳಿಯ 24,000ವೇ ಮೇಲು. ಸೇರಿದವರು ಮೊದಲ ತಿಂಗಳಿಂದಲೇ ಮುಂದಿನ ಮನೆಯ ಅಡ್ವಾನ್ಸ್‌ಗೆಂದು ತಿಂಗಳಿಗೆ 3,000ದಂತೆ ಆರ್.ಡಿ. ಕಟ್ಟಿದರೆ ಮೂರು ವರ್ಷಕ್ಕೆ 1,08,000, ಬಡ್ಡಿ ಬೇರೆ. ಮೂರು ವರ್ಷಕ್ಕೂ ಮೊದಲೇ ಹೊರಡಬೇಕಾಗಿ ಬರುವುದೂ ಉಂಟು. ಸಂಬಳ 50,000 ದಾಟಿದ ಮೇಲೆ ಆರು ತಿಂಗಳೊಳಗೆ ಖಾಲಿ ಮಾಡಬೇಕು. ಬಡ್ತಿ ಡಿಸೆಂಬರಿನಲ್ಲಿ ಬಂದರೆ ಗಡುವು ಜೂನ್‌ಗೆ ಮುಗಿಯುತ್ತದೆ, ಹೊಸ ಬಡಾವಣೆ, ಹೊಸ ಶಾಲೆ ಎರಡನ್ನೂ ಒಟ್ಟಿಗೆ ನೋಡಬಹುದು. ಜೂನ್‌ನಲ್ಲಿ ಬಂದರೆ ಡಿಸೆಂಬರಿಗೆ ಹೊರಡಬೇಕು. ಆಗ ಬಾಡಿಗೆ ಸಾವಿರ ಹೆಚ್ಚಾದರೂ ಅದೇ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಮನೆ ಹಿಡಿಯಿರಿ.