ನೆಲದೊಳಗೆ ಇಳಿಯುವ ಕಂಬ: ಒಂದೂವರೆ ವರ್ಷ ಬಳಸಿದ ಮೇಲೆ

ಗೌರಿಬಿದನೂರಿನ ನಮ್ಮ ಮನೆ ಮುಂದೆ 24 ಅಡಿ ಅಗಲದ ಮಣ್ಣಿನ ಅಂಗಳ ಇದೆ. ಬೆಳಗ್ಗೆ ಅಲ್ಲಿಂದಲೇ ಕಾರು ಹೊರಗೆ ಹೋಗಬೇಕು, ಸಂಜೆ ಮಕ್ಕಳು ಶಟಲ್ ಆಡಬೇಕು, ಶಿವರಾತ್ರಿ ಆದ ಮೇಲೆ ಅಮ್ಮ ಹುಣಸೆಹಣ್ಣು ಹರಡಬೇಕು. ನೆಟ್ ಕಟ್ಟೋಕೆ ಎರಡು ಕಂಬ ನೆಡೋಣ ಅಂದಾಗ ಅಮ್ಮ ಒಂದೇ ಮಾತು ಹೇಳಿದರು, "ಮಧ್ಯದಲ್ಲಿ ಗೂಟ ಹೊಡೆದ್ರೆ ನಾನು ಹಣ್ಣು ಎಲ್ಲಿ ಹರಡ್ಲಿ ಹೇಳು". ಹಾಗಾಗಿ ಬೇಡ ಅಂದಾಗ ನೆಲದೊಳಗೆ ಇಳಿದುಬಿಡುವ ಕಂಬ ಹುಡುಕಿದೆ. ಈಗ ಒಂದೂವರೆ ವರ್ಷ ಆಯ್ತು. ತುಂಬಾ ಜನ ಕೇಳುತ್ತಾರೆ, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಕಂಬ ಒಳ್ಳೆಯದು, ತಗೊಳ್ಳಿ. ಆದರೆ ಕಂಬಕ್ಕಿಂತ ಗುಂಡಿ ಮುಖ್ಯ. ಗುಂಡಿ ಸರಿ ಇಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟ ಕಂಬ ಆದರೂ ಒಂದು ಮಳೆಗಾಲದಲ್ಲಿ ಹಾಳಾಗುತ್ತದೆ.

ಇದು ಹೇಗಿದೆ ಅಂದ್ರೆ, ನಾಲ್ಕೂವರೆ ಅಡಿ ಉದ್ದದ ಒಂದು ದಪ್ಪ ಪೈಪನ್ನು ನೆಲದಲ್ಲಿ ನೆಟ್ಟಗೆ ಹೂಳುತ್ತಾರೆ. ಅದರೊಳಗೆ ಒಂದರೊಳಗೊಂದು ಕೂರುವ ಕೊಳವೆಗಳು, ಒಂದೊಂದೂ ನಾಲ್ಕು ಅಡಿ. ಮುಚ್ಚಳ ತೆಗೆದು, ಹಿಡಿ ಹಿಡಿದು ಮೇಲೆ ಎಳೆದರೆ ಒಂದೊಂದಾಗಿ ಬರುತ್ತವೆ, ಸ್ವಲ್ಪ ತಿರುಗಿಸಿದರೆ ಸ್ಪ್ರಿಂಗ್ ಪಿನ್ನು ಟಕ್ ಅಂತ ತೂತಿಗೆ ಕೂರುತ್ತದೆ. ಪ್ರತಿ ಕೊಳವೆಯೂ ಒಂದು ಅಡಿಯಷ್ಟು ಕೆಳಗಿನದರೊಳಗೇ ಉಳಿಯಬೇಕು, ಇಲ್ಲದಿದ್ದರೆ ನಿಲ್ಲೋದಿಲ್ಲ. ಅಂದ್ರೆ ಎರಡು ಕೊಳವೆ ಇದ್ದರೆ ನೆಲದಿಂದ ಆರು ಅಡಿ, ಮೂರು ಇದ್ದರೆ ಒಂಬತ್ತು ಅಡಿ. ನಾನು ಒಂದೊಂದು ತಗೊಂಡೆ. ಬ್ಯಾಡ್ಮಿಂಟನ್ ನೆಟ್ಟಿಗೆ ಕಂಬದ ಹತ್ತಿರ 1.55 ಮೀಟರ್, ಅಂದರೆ ಐದು ಅಡಿ ಒಂದು ಇಂಚು ಸಾಕು. ಆ ಎತ್ತರಕ್ಕೆ ಎರಡರಲ್ಲೂ ಒಂದು ಕೊಕ್ಕೆ ಇದೆ. ಒಂಬತ್ತು ಅಡಿಯದ್ದು ಬಾವುಟಕ್ಕೂ ಆಗುತ್ತದೆ, ತುದಿಯಲ್ಲಿ ಸಣ್ಣ ರಾಟೆ ಕೊಟ್ಟಿದ್ದಾರೆ. ಕಂಬಗಳ ನಡುವೆ 20 ಅಡಿ ಬಿಟ್ಟೆವು, ಡಬಲ್ಸ್ ಕೋರ್ಟಿನ ಅಗಲ ಅಷ್ಟೇ ಇರೋದು. ಉದ್ದಕ್ಕೆ 44 ಅಡಿ ಬೇಕು, ನಮ್ಮಲ್ಲಿ 36 ಇದೆ. ಮಕ್ಕಳಿಗೆ ಸಾಕು.

ಎರಡು ಕಂಬಕ್ಕೆ 13,600 ರೂಪಾಯಿ ಆಯ್ತು, ಗುಂಡಿ ತೋಡಿ ಕಾಂಕ್ರೀಟ್ ಹಾಕಿದ್ದಕ್ಕೆ 4,500. ಇಲ್ಲೇ ಪೇಟೆಯಲ್ಲಿ ಜಿಐ ಪೈಪು ತಂದು ಒಂದರೊಳಗೊಂದು ಇಳಿಸಿ ಅರ್ಧ ದುಡ್ಡಿಗೆ ಮಾಡಿಸಬಹುದಲ್ವಾ ಅಂತ ನಾನೂ ವಿಚಾರಿಸಿದೆ. ವೆಲ್ಡಿಂಗ್ ಅಂಗಡಿಯವರೇ ಒಂದು ತುಂಡು ಕೈಗೆ ಕೊಟ್ಟು ಒಳಗೆ ಬೆರಳಾಡಿಸಿ ನೋಡಿ ಅಂದರು. ಒಳಗೆ ಉದ್ದಕ್ಕೂ ಬೆಸುಗೆಯ ಗೆರೆ ಉಬ್ಬಿಕೊಂಡಿತ್ತು. ಅದರ ಮೇಲೆ ಇನ್ನೊಂದು ಪೈಪು ನುಣುಪಾಗಿ ಜಾರೋದಿಲ್ಲ, ಜಾರಬೇಕು ಅಂತ ಸಣ್ಣದು ಹಾಕಿದರೆ ಅಲ್ಲಾಡುತ್ತದೆ. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಉಪಕಾರ ಆಯ್ತು.

ಜನವರಿಯಲ್ಲಿ ಹಾಕಿಸಿದೆವು. ಮೊದಲ ಆರು ತಿಂಗಳು ಏನೂ ತೊಂದರೆ ಇಲ್ಲ. ಸಂಜೆ ಐದೂವರೆಗೆ ಮಗಳೇ ಎರಡೂ ಕಂಬ ಎಳೆದು ನೆಟ್ ಕಟ್ಟುತ್ತಿದ್ದಳು, ಏಳಕ್ಕೆ ಇಳಿಸಿದರೆ ಅಂಗಳದಲ್ಲಿ ಎರಡು ದುಂಡು ಮುಚ್ಚಳ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಮ್ಮ ಆ ವರ್ಷದ ಹುಣಸೆಹಣ್ಣನ್ನೆಲ್ಲ ಅದರ ಮೇಲೆಯೇ ಟಾರ್ಪಾಲು ಹಾಸಿ ಒಣಗಿಸಿದರು. ಆಷಾಢದ ಗಾಳಿಗೆ ನಮ್ಮ ಕಡೆ ಶಟಲ್ ಆಟ ಆಗೋದಿಲ್ಲ, ಹಾಗಾಗಿ ಒಂದೂವರೆ ತಿಂಗಳು ಕಂಬ ಒಳಗೇ ಇದ್ದವು. ತಪ್ಪಾಗಿದ್ದು ಅಲ್ಲೇ.

ಆಗಸ್ಟ್ 14ರ ಸಂಜೆ, ನಾಳೆ ಬಾವುಟಕ್ಕೆ ಬೇಕಲ್ಲ ಅಂತ ಮುಚ್ಚಳ ತೆಗೆದರೆ, ಪೈಪಿನ ಬಾಯಿಯ ತನಕ ನೀರು. ಟಾರ್ಚ್ ಬಿಟ್ಟು ನೋಡಿದರೆ ಸೊಳ್ಳೆಮರಿಗಳು ಬಾಲ ಮೇಲೆ ಮಾಡಿಕೊಂಡು ತೂಗಾಡುತ್ತಿದ್ದವು, ಬೆಳಕು ಬಿದ್ದ ಕೂಡಲೇ ಎಲ್ಲ ತಳಕ್ಕೆ ಹೋದವು. ಹೊಟ್ಟೆ ಚುರ್ ಅಂದಿತು. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ನೀರಿನಲ್ಲೇ. ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ ಎಲ್ಲ ವಾರಕ್ಕೊಮ್ಮೆ ಚೆಲ್ಲಿ ಉಜ್ಜುವ ಮನೆ ನಮ್ಮದು, ಈ ಮುಚ್ಚಳದ ಕೆಳಗೆ ನೋಡಬೇಕು ಅಂತ ಹೊಳೆದೇ ಇರಲಿಲ್ಲ.

ಕಂಬವಂತೂ ಒಂದು ಇಂಚೂ ಮೇಲೆ ಬರಲಿಲ್ಲ. ಮರಳು ಇಳಿದು ಕೊಳವೆಗಳ ಸಂದಿಯಲ್ಲಿ ಕಚ್ಚಿಕೊಂಡಿತ್ತು, ಪಿನ್ನಿಗೆ ತುಕ್ಕು. ಲೋಟದಲ್ಲಿ ಎಷ್ಟು ಸಿಗುತ್ತೋ ಅಷ್ಟು ನೀರು ತೆಗೆದು, ಹಿಡಿಯೊಳಗೆ ಹಾರೆ ತೂರಿಸಿ, ಈ ಕಡೆ ನಾನು ಆ ಕಡೆ ಪಕ್ಕದ ಮನೆ ಹುಡುಗ, ರಾತ್ರಿ ಒಂಬತ್ತರ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎತ್ತಿದೆವು. ಕೊನೆಗೆ ಗಳಕ್ ಅಂತ ಕೆಸರು ವಾಸನೆ ಸಮೇತ ಬಂತು.

ಕಾರಣ ತಳದಲ್ಲಿತ್ತು. ಹೂಳುವ ಪೈಪಿನ ಕೆಳಗೆ ಕಂಬ ಕೂರೋಕೆ ಒಂದು ಬಳೆ ಇದೆ, ನೀರು ಇಳಿದು ಹೋಗಲಿ ಅಂತಲೇ ಅದರ ನಡುವೆ ತೂತು ಬಿಟ್ಟಿದ್ದಾರೆ. ಕೆಲಸ ಮಾಡಿದ ಮೇಸ್ತ್ರಿ "ತಳಕ್ಕೆ ಹಾಕದಿದ್ರೆ ಕಂಬ ಕುಸಿಯುತ್ತೆ ಸಾರ್" ಅಂತ ಗುಂಡಿಯ ತಳಕ್ಕೇ ಮೂರು ಇಂಚು ಕಾಂಕ್ರೀಟ್ ಹಾಕಿ ಅದರ ಮೇಲೆ ಪೈಪು ನಿಲ್ಲಿಸಿದ್ದರು. ನಾನು ಎದುರಿಗೇ ಇದ್ದೆ, ಹೂಂ ಅಂದಿದ್ದೆ. ನೀರು ಹೋಗೋಕೆ ದಾರಿಯೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಬೇರೆಯವರನ್ನು ಕರೆಸಿ, ಕಂಬ ಪೂರ್ತಿ ಹೊರಗೆ ತೆಗೆದು, ಉದ್ದದ ಹಾರೆ ಇಳಿಸಿ ಆ ತೂತಿನ ಮೂಲಕವೇ ಕಾಂಕ್ರೀಟ್ ಒಡೆಸಿದೆ. ಎರಡಕ್ಕೂ ಸೇರಿ 2,000 ಕೊಟ್ಟೆ. ಕೆಳಗೆ ನಮ್ಮದು ಗರಸು ಮಣ್ಣು, ಒಡೆದ ಕೂಡಲೇ ನೀರು ಇಂಗಿತು. ಆಮೇಲೆ ಅಕ್ಟೋಬರಿನ ಮಳೆಯಲ್ಲೂ ಒಂದು ಲೋಟ ನೀರು ನಿಂತಿಲ್ಲ.

ಹೊಸದಾಗಿ ಹಾಕಿಸುವವರು ಹೀಗೆ ಮಾಡಿ. ಪೈಪಿಗಿಂತ ಒಂದು ಅಡಿ ಆಳ ಜಾಸ್ತಿ ತೋಡಿಸಿ, ಅಂದ್ರೆ ಐದೂವರೆ ಅಡಿ. ಪೈಪು ಇಳಿಸುವ ಮೊದಲು ಖಾಲಿ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ಬೆಳಗ್ಗೆ ಸುರಿದಿದ್ದು ಸಂಜೆಗೂ ನಿಂತಿದ್ದರೆ ಆ ಜಾಗ ಬೇಡ. ಇಂಗಿದರೆ ಆ ಒಂದು ಅಡಿಗೆ ಜಲ್ಲಿ ತುಂಬಿ, ಅದರ ಮೇಲೆ ಪೈಪು ನಿಲ್ಲಿಸಿ, ರಸಮಟ್ಟ ಎರಡು ಕಡೆಯಿಂದ ಹಿಡಿದು ನೋಡಿ, ಕಾಂಕ್ರೀಟನ್ನು ಸುತ್ತ ಮಾತ್ರ ಹಾಕಿಸಿ. ಪೈಪಿನ ಬಾಯಿ ನೆಲಕ್ಕಿಂತ ಅರ್ಧ ಇಂಚು ಮೇಲಿದ್ದು ಸುತ್ತ ಇಳಿಜಾರು ಕೊಟ್ಟರೆ ಅಂಗಳದ ನೀರು ಒಳಗೆ ನುಗ್ಗಲ್ಲ. ತೋಡುವ ಮುಂಚೆ ನಲ್ಲಿ ಪೈಪು, ಚರಂಡಿ ಪೈಪು, ಅರ್ಥಿಂಗ್ ಎಲ್ಲಿ ಹೋಗಿದೆ ಕೇಳಿಕೊಳ್ಳಿ. ಮೇಲೂ ನೋಡಿ ದಯವಿಟ್ಟು. ಕರೆಂಟ್ ಕಂಬದಿಂದ ಮನೆಗೆ ಬರುವ ವೈರು ಆ ಜಾಗದ ಮೇಲಿದ್ದರೆ ಅಲ್ಲಿ ಕಬ್ಬಿಣದ ಕಂಬ ಬೇಡವೇ ಬೇಡ. ಎತ್ತುವುದು ಮಕ್ಕಳ ಕೈ.

ನಂದಿ ಬೆಟ್ಟದ ಕಡೆ ಇರುವ ನೆಂಟರ ಮನೆಯಲ್ಲಿ ಎರಡು ಅಡಿಗೇ ಬಂಡೆ ಸಿಕ್ಕಿತು. ಅಂಥ ಕಡೆ ಇದಕ್ಕೆ ಹೋಗಬೇಡಿ. ಎರಡು ಅಡಿ ಆಳಕ್ಕೆ ಒಂದು ಗಿಡ್ಡ ಪೈಪು ಹೂಳಿಸಿ, ಬೇಕಾದಾಗ ಕಂಬ ಸಿಕ್ಕಿಸಿ ಆಮೇಲೆ ಕಳಚಿ ಇಡುವ ಬಗೆ ಸಿಗುತ್ತದೆ, ಬೆಲೆಯೂ ಕಡಿಮೆ. ಉದ್ದದ ಕಂಬ ಒರಗಿಸಿಡೋಕೆ ಜಾಗ ಬೇಕು ಅಷ್ಟೆ.

ಇನ್ನು ಕಂಬದ್ದೇ ಕೊರತೆಗಳು. ಪ್ಲಾಸ್ಟಿಕ್ ಮುಚ್ಚಳ ಎರಡನೇ ತಿಂಗಳಿಗೇ ಕಾರಿನ ಚಕ್ರಕ್ಕೆ ಸಿಕ್ಕಿ ಸೀಳಿತು. ದಪ್ಪ ತಗಡಿನಲ್ಲಿ ಒಂದಕ್ಕೆ 350 ಕೊಟ್ಟು ಮಾಡಿಸಿದೆ, ಅವು ಚೆನ್ನಾಗಿವೆ. ಪಿನ್ನು ಒತ್ತಿದ ಕೂಡಲೇ ಮೇಲಿನ ಕೊಳವೆ ದಡಕ್ಕನೆ ಬೀಳುತ್ತದೆ, ಮಗಳ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಈಗ ಒಂದು ಕೈಯಲ್ಲಿ ಮೇಲಿನದನ್ನು ಬಿಗಿಯಾಗಿ ಹಿಡಿದೇ ಪಿನ್ನು ಮುಟ್ಟಬೇಕು ಅಂತ ಮನೆಯಲ್ಲಿ ಕಟ್ಟುನಿಟ್ಟು. ತಯಾರಿಸುವವರು ಅಲ್ಲೊಂದು ರಬ್ಬರ್ ಬಳೆ ಹಾಕಬಹುದಿತ್ತು. ವಾಲಿಬಾಲ್‌ಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದೆ, ನಾನು ಒಪ್ಪಲ್ಲ. ಗಂಡಸರ ವಾಲಿಬಾಲ್ ನೆಟ್ 2.43 ಮೀಟರ್, ಅಷ್ಟೆತ್ತರದಲ್ಲಿ ತೆಳು ಕೊಳವೆಗೆ ಆ ನೆಟ್ ಬಿಗಿದರೆ ಒಳಕ್ಕೆ ಬಾಗುತ್ತದೆ. ಗ್ರೀಸ್ ಹಚ್ಚಬೇಡಿ, ಮಣ್ಣು ಹಿಡಿದು ಇನ್ನೂ ಕಚ್ಚುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಪಿನ್ನಿಗೆ ಮಾತ್ರ ಎರಡು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ. ವಾರಕ್ಕೊಮ್ಮೆ ಆಟ ಇಲ್ಲದಿದ್ದರೂ ಎತ್ತಿ ಇಳಿಸಿ.

ಬಾವುಟದ ವಿಷಯ ಸ್ವಲ್ಪ ಹೇಳಬೇಕು. ವಿದುರಾಶ್ವತ್ಥ ನಮಗೆ ಹತ್ತಿರದ ಊರು. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಎಷ್ಟೋ ಜನ ಸತ್ತರು. ಅಲ್ಲಿರುವ ಅವರ ಸ್ಮಾರಕ ವೀರಸೌಧಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ ನಮ್ಮ ಅಂಗಳದಲ್ಲೂ ಹಾರಿಸಬೇಕು ಅಂತ ಮಗಳೇ ಕೇಳಿದ್ದು. 900ಕ್ಕೆ 600 ಮಿಲಿಮೀಟರಿನ ಬಾವುಟ ಈ ಎತ್ತರಕ್ಕೆ ಸರಿಯಾಗಿ ಒಪ್ಪುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಖಾದಿಯದ್ದನ್ನೇ ತರಿಸಿದೆವು. 2022ರ ಜುಲೈನಿಂದ ಮನೆಯಲ್ಲಿ ರಾತ್ರಿಯೂ ಹಾರಿಸಬಹುದು ಅಂತ ನಿಯಮ ಬದಲಾಗಿದೆ, ನಾವು ಮಾತ್ರ ಸಂಜೆ ಇಳಿಸಿ ಮಡಚಿಡುತ್ತೇವೆ. ನವೆಂಬರ್ 1ಕ್ಕೆ ಇದೇ ಕಂಬದಲ್ಲಿ ಅರಿಶಿನ ಕುಂಕುಮದ ಬಾವುಟ. ಎರಡನ್ನೂ ಒಂದೇ ಕಂಬಕ್ಕೆ ಒಟ್ಟಿಗೆ ಕಟ್ಟಬಾರದು, ಅದು ಧ್ವಜ ಸಂಹಿತೆಯಲ್ಲೇ ಇದೆ.

ಆವತ್ತು ರಾತ್ರಿ ಒಂಬತ್ತಕ್ಕೆ ಎತ್ತಿದ ಕಂಬವನ್ನು ತೊಳೆದು ಒರೆಸಿ, ಬೆಳಗ್ಗೆ ಏಳೂವರೆಗೆ ಅಮ್ಮನ ಕೈಯಲ್ಲೇ ಹಗ್ಗ ಕೊಟ್ಟೆವು. ಎಂಬತ್ತು ದಾಟಿದವರು, ಬಾವುಟ ಬಿಚ್ಚಿಕೊಳ್ಳುವ ತನಕ ಹಗ್ಗ ಬಿಡಲಿಲ್ಲ.

ಮಂಚೇನಹಳ್ಳಿಯಲ್ಲಿರುವ ಚಿಕ್ಕಮ್ಮನಿಗೂ ಒಂದು ಜೊತೆ ಹೇಳಿದ್ದೇನೆ. ಹೋದ ಭಾನುವಾರ ಗುಂಡಿ ತೋಡಿ ಬಕೆಟ್ ನೀರು ಸುರಿದೆವು, ಇಪ್ಪತ್ತು ನಿಮಿಷಕ್ಕೆ ಇಂಗಿತು. ಈ ವಾರ ಜಲ್ಲಿ ಬರುತ್ತದೆ.