ಫಾರ್ಮಸಿ ಫಸ್ಟ್: ಮಗನ ಸ್ಕಾರ್ಲೆಟ್ ಜ್ವರವನ್ನು ಮೊದಲು ಗುರುತಿಸಿದ್ದು ನಮ್ಮ ಬೀದಿಯ ಮೆಡಿಕಲ್ ಶಾಪ್

ಶನಿವಾರ ಬೆಳಿಗ್ಗೆ ಸ್ನಾನ ಮಾಡಿಸಿ ಮಗನ ಬೆನ್ನು ಒರೆಸುತ್ತಿದ್ದೆ. ಟವೆಲ್ಲು ಜಾರದೆ ತಡೆದ ಹಾಗಾಯಿತು. ಕೈ ಆಡಿಸಿ ನೋಡಿದರೆ ಮೈಮೇಲೆ ಸಣ್ಣ ರವೆ ಚೆಲ್ಲಿದಂತೆ ತರಿತರಿ. ಕಣ್ಣಿಗೆ ಮಾತ್ರ ಏನೂ ಕಾಣುತ್ತಿಲ್ಲ.

ಅವನಿಗೆ ಆರು ವರ್ಷ. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಗುರುವಾರ ರಾತ್ರಿ ಗಂಟಲು ನೋವು, 39 ಡಿಗ್ರಿ ಜ್ವರ. ಶುಕ್ರವಾರ ನಮ್ಮ ಡಾಕ್ಟರ ಸರ್ಜರಿಗೆ (ಕ್ಲಿನಿಕ್ಕಿಗೆ ಇಲ್ಲಿ ಹಾಗನ್ನುತ್ತಾರೆ) ಫೋನ್ ಮಾಡಿ 40 ನಿಮಿಷ ಕಾದೆ. ವೈರಲ್ ಇರಬಹುದು, ನೀರು ಕುಡಿಸಿ, ಪ್ಯಾರಾಸಿಟಮಾಲ್ ಕೊಡಿ ಅಂದರು. ಮಗುವನ್ನು ಯಾರೂ ನೋಡಲಿಲ್ಲ. ದಾವಣಗೆರೆಯಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಬೆವರುಸಾಲೆ ಇರಬೇಕು ನೋಡೇ, ಹೀಟರ್ ಹಾಕಿ ಹಾಕಿ ಕೂಸಿಗೆ ಉಷ್ಣ ಆಗಿದೆ" ಅಂದರು. ಆಮೇಲೆ ಅವರೇ, "ದಡಾರ ಅಲ್ಲ ತಾನೆ?" ಅಂತ ಕೇಳಿದರು. ದಡಾರದ ಲಸಿಕೆ ಎರಡೂ ಡೋಸ್ ಆಗಿದೆ. ಆದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸರ್ಜರಿ ಬೇರೆ ಶನಿವಾರ ಮುಚ್ಚಿರುತ್ತದೆ. ಅವನಿಗೆ ಜಾಕೆಟ್ ಹಾಕಿಸಿಕೊಂಡು ಬೀದಿ ಕೊನೆಯ ಫಾರ್ಮಸಿಗೆ ನಡೆದೆ.

ಇಲ್ಲಿ 'ಫಾರ್ಮಸಿ ಫಸ್ಟ್' ಅಂತ ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ, ಒಂದು ಸೇವೆ ಇದೆ. 2024ರ ಜನವರಿ 31ರಂದು ಶುರುವಾಯಿತು. ಏಳು ಕಾಯಿಲೆಗಳಿಗೆ ಡಾಕ್ಟರ ಚೀಟಿ ಇಲ್ಲದೆ ಫಾರ್ಮಸಿಸ್ಟೇ ನೋಡಿ, ಬೇಕಿದ್ದರೆ ಆಂಟಿಬಯಾಟಿಕ್ ಕೊಡಬಹುದು. ಐದು ವರ್ಷ ದಾಟಿದವರ ಗಂಟಲು ನೋವೂ ಅದರಲ್ಲಿ ಸೇರಿದೆ. ನೋಡುವುದಕ್ಕೆ ದುಡ್ಡಿಲ್ಲ.

ಅರ್ಧ ಗಂಟೆ ಕಾದ ಮೇಲೆ ಒಳಗೆ ಕರೆದರು. ಎರಡು ಕುರ್ಚಿ ಹಿಡಿಸುವಷ್ಟು ರೂಮು. ಫಾರ್ಮಸಿಸ್ಟ್ ಮೇಡಂ ಕೈ ತೊಳೆದುಕೊಂಡು ಟಾರ್ಚ್ ಹಾಕಿ ಗಂಟಲು ನೋಡಿದರು, ನಾಲಿಗೆ ಚಾಚಿಸಿದರು. ಬಿಳಿ ಪದರದ ಮಧ್ಯೆ ಕೆಂಪು ಚುಕ್ಕೆಗಳು ಎದ್ದಿದ್ದವು. ಆಮೇಲೆ ಅವನ ಹೊಟ್ಟೆ ಮುಟ್ಟಿ ನೋಡಿ, ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. "ನಿಮ್ಮ ಮಗನ ಬಣ್ಣದ ಚರ್ಮದಲ್ಲಿ ಕಣ್ಣಿಂದ ಹುಡುಕಬೇಡಿ. ಕೈಯಿಂದ ನೋಡಿ" ಅಂದರು. ಈ ಒಂದು ಮಾತಿಗೇ ನಾನು ಇದನ್ನು ಬರೆಯಲು ಕೂತಿದ್ದು. ಫೋನಿನಲ್ಲಿ ನಾನು ನೋಡಿದ್ದ ಫೋಟೋಗಳಲ್ಲೆಲ್ಲ ಬಿಳಿ ಮೈಮೇಲೆ ಕೆಂಪು ದದ್ದು. ನಮ್ಮ ಮಕ್ಕಳ ಕಂದು ಮೈಯಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ. ಆದರೆ ಮುಟ್ಟಿದರೆ ಬಡಗಿಯ ಉಪ್ಪುಕಾಗದದ ಹಾಗೆ ಒರಟು. ಮೊಣಕೈ ಮಡಿಕೆಯಲ್ಲಿ, ಕಂಕುಳಲ್ಲಿ ಗೆರೆಗಳು ಸ್ವಲ್ಪ ಗಾಢವಾಗಿದ್ದವು. ಅದನ್ನೂ ತೋರಿಸಿದರು.

ಒಂದು ಗಾಜಿನ ಲೋಟವನ್ನು ಮೈಗೆ ಒತ್ತಿಯೂ ನೋಡಿದರು. ಒತ್ತಿದರೂ ಮಾಸದ ಕಲೆ ಇದ್ದರೆ ಮೆನಿಂಜೈಟಿಸ್‌ನಂಥ (ಮೆದುಳಿನ ಪೊರೆಯ ಸೋಂಕು) ಅಪಾಯ ಇರಬಹುದು, ಆಗ ತಡಮಾಡದೆ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಬೇಕು. ಕಪ್ಪು ಅಥವಾ ಕಂದು ಮೈಯಾದರೆ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಗೂ ನೋಡಬೇಕಂತೆ. ಉಸಿರಾಟ ಹೇಗಿದೆ, ನೀರು ಕುಡಿಯುತ್ತಿದ್ದಾನಾ, ಎಷ್ಟು ಸಲ ಉಚ್ಚೆ ಹೋದ, ಎಲ್ಲ ಕೇಳಿದರು.

ಕೊನೆಗೆ ಅವರು ಔಷಧಿ ಕೊಡಲಿಲ್ಲ. ಸ್ಕಾರ್ಲೆಟ್ ಜ್ವರದ ಅನುಮಾನ ಬಂದರೆ ಡಾಕ್ಟರ ಹತ್ತಿರ ಕಳಿಸಬೇಕು ಅನ್ನುವುದು ಈ ಸೇವೆಯ ನಿಯಮ. ಬರಿಗೈಲಿ ಕಳಿಸಿದರು ಅಂತ ಸಿಟ್ಟಾಗುವವರು ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿದಾಗ ಏನು ಹೇಳಬೇಕು ಅಂತ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಅದನ್ನೇ ಓದಿದೆ. ಸಂಜೆ 4.20ಕ್ಕೆ ಬೇರೊಂದು ಕ್ಲಿನಿಕ್‌ನಲ್ಲಿ ಡಾಕ್ಟರ್ ಸಿಕ್ಕರು.

ಡಾಕ್ಟರ್ ಹೇಳಿದ್ದು ಇಷ್ಟು. ಗಂಟಲು ನೋವು ತರುವ ಗ್ರೂಪ್ ಎ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತದೆ, ದದ್ದು ಏಳುವುದು ಅದರಿಂದ. ಔಷಧಿ ಶುರುಮಾಡಿ 24 ಗಂಟೆ ಆದಮೇಲೆ ಮಗು ಆರಾಮಾಗಿದ್ದರೆ ಶಾಲೆಗೆ ಕಳಿಸಬಹುದು. ಔಷಧಿ ಕೊಡದಿದ್ದರೆ ಎರಡು ಮೂರು ವಾರ ಬೇರೆ ಮಕ್ಕಳಿಗೆ ಹರಡಬಹುದು. ಈ ಕಾಯಿಲೆಯನ್ನು ಆರೋಗ್ಯ ಇಲಾಖೆಗೆ ತಿಳಿಸುವುದು ಕಡ್ಡಾಯ, ಅದನ್ನು ಅವರೇ ಮಾಡಿದರು. 2022ರ ಡಿಸೆಂಬರಿನಲ್ಲಿ ಇಲ್ಲಿ ಈ ಜ್ವರ ಜೋರಾಗಿ, ಮಕ್ಕಳ ಪೆನಿಸಿಲಿನ್ ಸಿರಪ್ಪಿಗೆ ಅಂಗಡಿ ಅಂಗಡಿ ಅಲೆದ ತಾಯಂದಿರು ನನಗೆ ಗೊತ್ತು. ನಮಗೆ ಆ ಕಷ್ಟ ಬರಲಿಲ್ಲ.

ಪೆನಿಸಿಲಿನ್ ಹತ್ತು ದಿನ, ದಿನಕ್ಕೆ ನಾಲ್ಕು ಸಲ, ಒಟ್ಟು 40 ಸಲ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ. ಮೂರನೇ ದಿನಕ್ಕೆ ಜ್ವರ ಬಿಟ್ಟು ಮಗು ಕುಣಿಯತೊಡಗಿದಾಗ, ಇನ್ನು ಸಾಕು ಅನ್ನಿಸುವುದು ಸಹಜ. ನನಗೆ ಅನ್ನಿಸಲಿಲ್ಲ, ಯಾಕೆಂದರೆ ನಮ್ಮ ದೊಡ್ಡಮ್ಮನನ್ನು ನೋಡಿದ್ದೇನೆ. ಚಿಕ್ಕಂದಿನಲ್ಲಿ ಗಂಟಲು ನೋವಿಗೆ ಸರಿಯಾಗಿ ಔಷಧಿ ಆಗದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಇದೂ ಅದೇ ಬ್ಯಾಕ್ಟೀರಿಯಾ.

ಔಷಧಿಯನ್ನು ಕ್ಲಿನಿಕ್ ಹತ್ತಿರದ ಬೇರೊಂದು ಅಂಗಡಿಯಲ್ಲಿ ತಗೊಂಡಿದ್ದೆವು. 16 ವರ್ಷದೊಳಗಿನವರಿಗೆ ಇಲ್ಲಿ ಔಷಧಿ ಉಚಿತ. 100 ಎಂಎಲ್‌ನ ಎರಡು ಬಾಟಲಿ ಕೊಟ್ಟರು, ಎರಡಕ್ಕೂ ನೀರು ಬೆರೆಸಿಬಿಟ್ಟಿದ್ದರು. ಸೋಮವಾರ ಔಷಧಿ ಕುಡಿಸುವ ಸಿರಿಂಜ್ ಕೇಳಲು ನಮ್ಮ ಫಾರ್ಮಸಿಗೆ ಹೋದಾಗ ಮೇಡಂ ಬಾಟಲಿಯ ಲೇಬಲ್ ಓದಿದರು. ಈ ಪುಡಿಗೆ ಒಮ್ಮೆ ನೀರು ಬೆರೆಸಿದರೆ ಫ್ರಿಜ್ಜಿನಲ್ಲಿಟ್ಟರೂ ಏಳೇ ದಿನ ಬರುವುದು. ಎರಡನೇ ಬಾಟಲಿ ಹತ್ತನೇ ದಿನದವರೆಗೆ ನಡೆಯಬೇಕಿತ್ತು. ನಾನಂತೂ ಅದನ್ನು ಗಮನಿಸುತ್ತಿರಲಿಲ್ಲ. ಅವರೇ ಆ ಅಂಗಡಿಗೆ ಫೋನ್ ಮಾಡಿ ಮಾತಾಡಿದರು. ಏಳನೇ ದಿನ ಅಲ್ಲಿ ಹೊಸ ಬಾಟಲಿ ಕಲಸಿಕೊಟ್ಟರು. ತನ್ನ ಅಂಗಡಿಯಲ್ಲಿ ಕೊಳ್ಳದ ಔಷಧಿಗೆ ಇಷ್ಟು ಮಾಡುವವರು ಎಷ್ಟು ಜನ ಸಿಗುತ್ತಾರೆ?

ಕೊರತೆ ಅಂದರೆ ಭಾನುವಾರ ಬಾಗಿಲು ಹಾಕಿರುತ್ತದೆ. ಕಾಯಲು ಎರಡೇ ಕುರ್ಚಿ. ಜ್ವರದ ಮಗುವನ್ನು ತೊಡೆಮೇಲೆ ಕೂರಿಸಿಕೊಂಡೇ ಇರಬೇಕು.

ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ.

ಮೂರನೇ ವಾರ ಮಗನ ಬೆರಳ ತುದಿಯಲ್ಲಿ ಚರ್ಮ ಸುಲಿಯತೊಡಗಿತು. ಗಾಬರಿಯಿಂದ ಮತ್ತೆ ಕರೆದುಕೊಂಡು ಹೋದೆ. ಮೇಡಂ ಅವನ ಹೆಬ್ಬೆರಳು ಹಿಡಿದು ನೋಡಿ, ಈ ಜ್ವರ ಬಿಟ್ಟಮೇಲೆ ಹೀಗೆ ಆಗುತ್ತದೆ, ಮಾಯಿಶ್ಚರೈಸರ್ ಹಚ್ಚಿ, ಕೀಳಲು ಬಿಡಬೇಡಿ ಅಂದರು. ಆಮೇಲೆ ಅವನ ಅಂಗಿ ಎತ್ತಿ ಹೊಟ್ಟೆ ಮುಟ್ಟಿ ನೋಡಿದರು. ನಾನೂ ಕೈ ಇಟ್ಟೆ. ಮೊದಲಿನ ಹಾಗೆ ನುಣ್ಣಗಿತ್ತು.